ಥಾಯ್ ಜನರೊಂದಿಗೆ ಸಂಪರ್ಕಕ್ಕೆ ಲೈನ್, ಮೆಸೆಂಜರ್, ವಾಟ್ಸ್‌ಆ್ಯಪ್: ಯಾವುದು ಯಾತಕ್ಕೆ?

ಬ್ಯಾಂಕಾಕಿನಲ್ಲಿ ಬಾಡಿಗೆ ಮನೆ ಹಿಡಿದರೂ, ಕೆಲಸಕ್ಕೆ ಸೇರಿದರೂ ಮೊದಲು ಎದುರಾಗುವ ಪ್ರಶ್ನೆ "ಲೈನ್ ಇದೆಯಾ?" 2011ರ ಭೂಕಂಪದ ಬೆನ್ನಲ್ಲೇ ಜಪಾನಿನಲ್ಲಿ ಶುರುವಾದ ಈ ಆ್ಯಪ್, ನಮ್ಮಲ್ಲಿ ವಾಟ್ಸ್‌ಆ್ಯಪ್‌ಗೆ ಇರುವ ಜಾಗವನ್ನು ಥಾಯ್ಲೆಂಡಿನಲ್ಲಿ ಹಿಡಿದಿದೆ. ಹಾಗಾಗಿ ಸೌಲಭ್ಯಗಳ ಲೆಕ್ಕ ಆಮೇಲೆ. ಎದುರಿನವರು ಎಲ್ಲಿದ್ದಾರೋ ಅಲ್ಲಿಗೇ ಹೋಗಬೇಕು.

ಮೂರರ ನಡುವೆ ದಿನನಿತ್ಯ ಕಣ್ಣಿಗೆ ಬೀಳುವ ವ್ಯತ್ಯಾಸ, ಮೆಸೇಜ್ ಓದಿದ್ದು ಹೇಗೆ ತಿಳಿಯುತ್ತದೆ ಎನ್ನುವುದು. ಲೈನ್ ಗುಂಪಿನಲ್ಲಿ ಸಂದೇಶದ ಪಕ್ಕ "ರೀಡ್ 12" ಎಂದಷ್ಟೇ ಬರುತ್ತದೆ. ಹನ್ನೆರಡು ಜನ ಯಾರು ಯಾರು ಎಂದು ತೋರಿಸುವುದಿಲ್ಲ. ಯಾರು ಆನ್‌ಲೈನ್ ಇದ್ದಾರೆ, ಕೊನೆಗೆ ಯಾವಾಗ ಬಂದಿದ್ದರು ಎನ್ನುವುದೂ ಇಲ್ಲ. ಮೆಸೆಂಜರ್ ಗುಂಪಿನಲ್ಲಿ ಓದಿದವರ ಪುಟ್ಟ ಫೋಟೋಗಳೇ ಕೆಳಗೆ ಸಾಲಾಗಿ ಕೂರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ಮೆಸೇಜನ್ನು ಒತ್ತಿ ಹಿಡಿದು "ಇನ್ಫೋ" ನೋಡಿದರೆ ಹೆಸರು, ಹೊತ್ತು ಎರಡೂ ಸಿಗುತ್ತವೆ. ಮೇಲಧಿಕಾರಿಯೂ ಇರುವ ಆಫೀಸ್ ಗುಂಪಿಗೆ ಲೈನ್ ರೀತಿಯೇ ನೆಮ್ಮದಿ. ಆದರೆ ಒಬ್ಬರಿಗೊಬ್ಬರ ಮಾತಿನಲ್ಲಿ ಲೈನ್‌ನ ಈ ಗುರುತನ್ನು ಆಫ್ ಮಾಡಲಾಗದು. ವಾಟ್ಸ್‌ಆ್ಯಪ್‌ನಲ್ಲಿ ಮಾಡಬಹುದು.

ಲೈನ್ ಗುಂಪುಗಳಲ್ಲಿ ಹಿರಿಯರು ದಿನಾ ಬೆಳಗ್ಗೆ ವಾರದ ಬಣ್ಣದ ಶುಭೋದಯ ಚಿತ್ರ ಹಾಕುತ್ತಾರೆ: ಸೋಮವಾರ ಹಳದಿ, ಮಂಗಳವಾರ ಗುಲಾಬಿ, ಬುಧವಾರ ಹಸಿರು. ಜೊತೆಗೆ ಸ್ಟಿಕ್ಕರ್‌ಗಳ ಸುರಿಮಳೆ. ನೀವೂ ಒಂದು ಸ್ಟಿಕ್ಕರ್ ಹಾಕಿದರೆ ಆತ್ಮೀಯತೆ ಬೇಗ ಬೆಳೆಯುತ್ತದೆ, ಖಂಡಿತ. ಆದರೆ ಮುಖ್ಯ ಸೂಚನೆ ಅದರಡಿ ಮುಳುಗಿಹೋಗುತ್ತದೆ. ಅದನ್ನು "ನೋಟ್"ನಲ್ಲಿ ಹಾಕಿ, ಫೋಟೋಗಳನ್ನು "ಆಲ್ಬಮ್"ಗೆ ಸೇರಿಸಿ. ಚಾಟ್‌ನಲ್ಲೇ ಬಿಟ್ಟ ಫೋಟೋ, ಫೈಲುಗಳು ಸ್ವಲ್ಪ ಕಾಲದ ನಂತರ ತೆರೆಯುವುದೇ ಇಲ್ಲ.

ಲೈನ್ ದೊಡ್ಡದಾಗಿ ಸೋಲುವುದು ಫೋನ್ ಬದಲಿಸುವಾಗ. ಮೆಸೆಂಜರ್ ಫೇಸ್‌ಬುಕ್ ಖಾತೆಗೆ ಅಂಟಿಕೊಂಡಿರುವುದರಿಂದ ಲಾಗಿನ್ ಆಗಿ ಪಿನ್ ಕೊಟ್ಟರೆ ಸಾಮಾನ್ಯವಾಗಿ ಹಳೆಯ ಮಾತೆಲ್ಲ ಮರಳುತ್ತದೆ. ಲೈನ್ ಖಾತೆ ಮಾತ್ರ ಒಂದು ಹೊತ್ತಿಗೆ ಒಂದೇ ಮುಖ್ಯ ಫೋನಿನಲ್ಲಿರುತ್ತದೆ. ಮೊದಲು ಚಾಟ್ ಬ್ಯಾಕಪ್ ತೆಗೆಯಿರಿ. ನಂತರ ಹಳೆಯ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವರ್ಗಾವಣೆಯ ಕ್ಯೂಆರ್ ಕೋಡ್ ತೆರೆದು ಹೊಸ ಫೋನಿನಿಂದ ಸ್ಕ್ಯಾನ್ ಮಾಡಿ. ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಹೋಗುವವರಿಗೆ ಕೊನೆಯ 14 ದಿನಗಳ ಮಾತು ಮಾತ್ರ ಬರುತ್ತದೆ. ಬೇಕಾದ ಚಾಟ್‌ಗಳನ್ನು ಮುಂಚೆಯೇ ಬೇರೆ ಕಡೆ ಉಳಿಸಿಕೊಳ್ಳಿ.

ಸಣ್ಣ ಅಂಗಡಿಗಳ ಜೊತೆಗಿನ ವ್ಯವಹಾರಕ್ಕೆ ಮೆಸೆಂಜರ್ ಸಲೀಸು. ಫೇಸ್‌ಬುಕ್ ಲೈವ್‌ನಲ್ಲಿ ಬಟ್ಟೆ ತೋರಿಸುತ್ತಾರೆ, ಬೇಕಾದವರು "ಸಿಎಫ್" (ಕನ್ಫರ್ಮ್) ಎಂದು ಕಾಮೆಂಟ್ ಹಾಕಿ ವಸ್ತು ಕಾಯ್ದಿರಿಸುತ್ತಾರೆ, ಉಳಿದ ಮಾತು ಇನ್‌ಬಾಕ್ಸ್‌ನಲ್ಲಿ. ನಮ್ಮ ಯುಪಿಐ ತರಹದ ಪ್ರಾಂಪ್ಟ್‌ಪೇ ಮೂಲಕ ಹಣ ಹಾಕಿ ಬ್ಯಾಂಕ್ ಸ್ಲಿಪ್‌ನ ಚಿತ್ರ ಕಳಿಸುವುದು ರೂಢಿ. ನೀವೇ ಮಾರುವವರಾದರೆ ಆ ಚಿತ್ರವನ್ನೇ ನಂಬಬೇಡಿ, ನಕಲಿ ಸ್ಲಿಪ್‌ಗಳಿವೆ. ಸ್ಲಿಪ್‌ನಲ್ಲಿರುವ ಪುಟ್ಟ ಕ್ಯೂಆರ್ ಅನ್ನು ಬ್ಯಾಂಕ್ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಖಾತೆಗೆ ಹಣ ಬಂದಿದೆಯೇ ನೋಡಿ.

ವಾಟ್ಸ್‌ಆ್ಯಪ್ ಹೆಚ್ಚಾಗಿ ಕೆಲಸಕ್ಕೆ ಬರುವುದು ವಿದೇಶಿಯರ ಜೊತೆ ವ್ಯವಹರಿಸುವ ಹೋಟೆಲ್, ಟೂರ್‌ನವರ ಬಳಿ. ಬೆಂಗಳೂರಿನಿಂದ ನಾಲ್ಕು ದಿನ ಫುಕೆಟ್‌ಗೆ ಹೋಗುವವರಿಗೆ ಅಷ್ಟು ಸಾಕು. ಹೆಚ್ಚು ದಿನ ಇರುವವರು ಊರಿನಲ್ಲೇ, ಭಾರತದ ನಂಬರಿನಿಂದಲೇ ಲೈನ್ ಖಾತೆ ತೆರೆಯಿರಿ. ಟೂರಿಸ್ಟ್ ಸಿಮ್‌ನ ನಂಬರ್ ಕೊಟ್ಟರೆ, ಅವಧಿ ಮುಗಿದ ಮೇಲೆ ಅದು ಬೇರೆಯವರ ಕೈಗೆ ಹೋಗಬಹುದು. ಅವರು ಅದರಲ್ಲಿ ಲೈನ್ ತೆರೆದರೆ ನಿಮ್ಮ ಖಾತೆ ಇಕ್ಕಟ್ಟಿಗೆ ಸಿಗುತ್ತದೆ.