ಕ್ಲೋಸ್‌ಅಪ್ ಲೆನ್ಸೋ, ಎಕ್ಸ್‌ಟೆನ್ಷನ್ ಟ್ಯೂಬೋ: ಕಾಫಿ ತೋಟದಲ್ಲಿ ಬಳಸಿ ನೋಡಿದ್ದು

ದುಬಾರಿ ಮ್ಯಾಕ್ರೋ ಲೆನ್ಸ್ ಕೊಳ್ಳದೆ ಹುಳ, ಹೂವುಗಳ ಹತ್ತಿರದ ಚಿತ್ರ ತೆಗೆಯಬೇಕೆಂದರೆ ಸುಲಭವಾಗಿ ಸಿಗುವುದು ಮೂರು: ಲೆನ್ಸಿನ ಮುಂದೆ ಹಾಕುವ ಅಗ್ಗದ ಕ್ಲೋಸ್‌ಅಪ್ ಫಿಲ್ಟರ್ ಸೆಟ್, ಅದೇ ಜಾಗಕ್ಕೆ ಹಾಕುವ, ಬಣ್ಣದ ದೋಷ ತಿದ್ದಿದ ಆಕ್ರೋಮ್ಯಾಟ್ ಕ್ಲೋಸ್‌ಅಪ್ ಲೆನ್ಸ್, ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಸೇರಿಸುವ ಟೊಳ್ಳು ಕೊಳವೆಯಾದ ಎಕ್ಸ್‌ಟೆನ್ಷನ್ ಟ್ಯೂಬ್. ಮೂರನ್ನೂ ವಿರಾಜಪೇಟೆ ಕಡೆಯ ತೋಟದಲ್ಲಿ ಬೇಸಿಗೆ, ಮಳೆಗಾಲ ಎರಡರಲ್ಲೂ ಬಳಸಿದ್ದೇನೆ. ಕ್ಯಾಮೆರಾ ಎಪಿಎಸ್-ಸಿ ಎಂಬ ಸಣ್ಣ ಅಳತೆಯ ಸೆನ್ಸರಿನ ಕ್ಯಾನನ್. ಜೊತೆಗೆ 55–250 ಝೂಮ್, 50 ಎಂಎಂ ಲೆನ್ಸ್. ಕೊಡಗಿನ ಹವೆಗೆ ನನ್ನ ಆಯ್ಕೆ ಆಕ್ರೋಮ್ಯಾಟ್.

ಫಿಲ್ಟರ್ ಸೆಟ್ಟಿನಲ್ಲಿ +1, +2, +4, +10 ಡಯಾಪ್ಟರ್ (ಗಾಜಿನ ಶಕ್ತಿಯ ಅಳತೆ) ಎಂದು ನಾಲ್ಕು ಗಾಜು ಬರುತ್ತವೆ, ಒಂದೊಂದೂ ಒಂಟಿ ಗಾಜು. ಹೂಮಳೆ ಬಿದ್ದು ವಾರ ಕಳೆದ ಮೇಲೆ ಕಾಫಿ ಹೂ ಅರಳುತ್ತದಲ್ಲ, ಆಗ ಇದರ ಗುಣ ಗೊತ್ತಾಗುತ್ತದೆ. ಕಡು ಹಸಿರು ಎಲೆಯ ಮುಂದೆ ಬಿಳಿ ಎಸಳು. ಎಸಳಿನ ಅಂಚಿಗೆಲ್ಲ ನೇರಳೆ, ಹಸಿರು ಗೆರೆ. ಅಪರ್ಚರನ್ನು (ಬೆಳಕು ಬರುವ ಕಿಂಡಿ) ಎಫ್/11ಕ್ಕೆ ಇಳಿಸಿದರೆ ನಡುಭಾಗ ಪರವಾಗಿಲ್ಲ, ಮೂಲೆಗಳು ಮಾತ್ರ ಕಲಸಿಕೊಂಡೇ ಇರುತ್ತವೆ. +10 ನನಗೆ ಉಪಯೋಗಕ್ಕೇ ಬರಲಿಲ್ಲ.

ಆಕ್ರೋಮ್ಯಾಟ್‌ನಲ್ಲಿ ಬೇರೆ ಬೇರೆ ಬಗೆಯ ಗಾಜುಗಳನ್ನು ಜೋಡಿಸಿ ಈ ಬಣ್ಣದ ದೋಷವನ್ನು ಬಹುಮಟ್ಟಿಗೆ ಸರಿಪಡಿಸಿರುತ್ತಾರೆ. ನಾನು ಬಳಸಿದ್ದು +2ರ ಕ್ಯಾನನ್ 500ಡಿ ಮತ್ತು +8ರ ರೇನಾಕ್ಸ್ ಡಿಸಿಆರ್-250. ಲೆಕ್ಕ ಸರಳ. ಝೂಮನ್ನು ಅನಂತಕ್ಕೆ ಫೋಕಸ್ ಮಾಡಿಟ್ಟರೆ, 1000ವನ್ನು ಡಯಾಪ್ಟರಿನಿಂದ ಭಾಗಿಸಿದಷ್ಟು ಮಿಲಿಮೀಟರ್ ದೂರದಲ್ಲಿ ಹುಳ ಸ್ಫುಟವಾಗುತ್ತದೆ. 500ಡಿಗೆ ಅರ್ಧ ಮೀಟರ್, ರೇನಾಕ್ಸ್‌ಗೆ 12.5 ಸೆಂಟಿಮೀಟರ್. 250 ಎಂಎಂನಲ್ಲಿ ಮೊದಲನೆಯದು ಸೆನ್ಸರಿನ ಮೇಲೆ ಹುಳದ ಬಿಂಬವನ್ನು ನಿಜ ಗಾತ್ರದ ಅರ್ಧ ಪಟ್ಟು ಮೂಡಿಸಿದರೆ, ಎರಡನೆಯದು ಎರಡು ಪಟ್ಟು. ಕಾಫಿ ಕಾಯಿಕೊರಕ ದುಂಬಿ ಎರಡು ಮಿಲಿಮೀಟರ್ ಕೂಡ ಇರುವುದಿಲ್ಲ. ಅದರ ಬೆನ್ನಿನ ರೋಮ ಕಾಣಬೇಕಾದರೆ ಎರಡು ಪಟ್ಟು ಬೇಕೇ ಬೇಕು. ಏರೋಪ್ಲೇನ್ ಚಿಟ್ಟೆಗೆ 500ಡಿ ಸಾಕು, ಅದು ಹತ್ತಿರ ಬಿಟ್ಟುಕೊಳ್ಳುವುದೂ ಇಲ್ಲ.

ಟ್ಯೂಬಿನಲ್ಲಿ ಗಾಜೇ ಇಲ್ಲ, ಹಾಗಾಗಿ ಅದು ತಾನಾಗಿ ಯಾವ ದೋಷವನ್ನೂ ಸೇರಿಸುವುದಿಲ್ಲ. 12, 20, 36 ಎಂಎಂ ಮೂರನ್ನೂ 50ರ ಹಿಂದೆ ಜೋಡಿಸಿದರೆ 68ನ್ನು 50ರಿಂದ ಭಾಗಿಸಿದಷ್ಟು, ಅಂದರೆ 1.36 ಪಟ್ಟು. ಬಿಸಿಲಿನಲ್ಲಿ, ಮೇಜಿನ ಮೇಲಿಟ್ಟ ಒಣ ಕಾಯಿಗೆ ಮೂರರಲ್ಲಿ ಅತ್ಯಂತ ಚೂಪಾದ ಚಿತ್ರ ಕೊಟ್ಟದ್ದು ಇದೇ. ಆದರೆ ಎರಡೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಬೆಳಕು ಹೋಗುತ್ತದೆ. ಸಿಲ್ವರ್ ಓಕ್ ನೆರಳು, ಮೇಲೆ ಆಷಾಢದ ಮೋಡ. ಅಲ್ಲಿ ಕಳೆದುಕೊಳ್ಳಲು ಬೆಳಕು ಎಲ್ಲಿದೆ? ಕ್ಲೋಸ್‌ಅಪ್ ಲೆನ್ಸಿನಲ್ಲಿ ಈ ನಷ್ಟವಿಲ್ಲ. ಟ್ಯೂಬ್ ಹಾಕಿದರೆ ಹುಳಕ್ಕೂ ಲೆನ್ಸಿಗೂ ಇರುವ ದೂರವೂ ಕೆಲವೇ ಸೆಂಟಿಮೀಟರ್. ಚಗಳಿ ಇರುವೆ ಗೂಡಿನ ಅಷ್ಟು ಹತ್ತಿರ ಮುಖ ಒಡ್ಡಿದರೆ ಇರುವೆಗಳು ಲೆನ್ಸ್ ಹತ್ತಿ ಕೈಗೇ ಬರುತ್ತವೆ. ಫ್ಲ್ಯಾಶ್ ಹಾಕಿದರೆ ಲೆನ್ಸಿನ ನೆರಳೇ ಅವುಗಳ ಮೇಲೆ ಬೀಳುತ್ತದೆ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಟ್ಯೂಬ್ ಹಾಕಲು ಲೆನ್ಸ್ ಕಳಚಲೇಬೇಕು. ಜುಲೈ ತಿಂಗಳ ಮಂಜಿನಲ್ಲಿ, ಮರದ ಹನಿ ತಪತಪ ಬೀಳುವಾಗ, ಸೆನ್ಸರ್ ತೆರೆದಿಡಲು ನನಗಂತೂ ಮನಸ್ಸು ಒಪ್ಪುವುದಿಲ್ಲ. ರೇನಾಕ್ಸ್‌ಗೆ ಬಾಯಿಯ ಅಗಲ 52ರಿಂದ 67 ಎಂಎಂ ಇರುವ ಲೆನ್ಸಿಗೆ ಹಿಡಿಯುವ ಕ್ಲಿಪ್ ಇದೆ; ಒತ್ತಿ ಸಿಕ್ಕಿಸಿ, ಬೇಡವೆಂದಾಗ ಜೇಬಿಗೆ ಹಾಕಿಕೊಳ್ಳಬಹುದು. ಕೊಡೆ ಹಿಡಿದ ಕೈಯಿಂದಲೇ ಮಾಡಬಹುದಾದ ಕೆಲಸ. ಮಂಜು ಹಿಡಿದರೆ ಒರೆಸಿದರಾಯಿತು.

ಎರಡು ಪಟ್ಟಿನಲ್ಲಿ ಸ್ಫುಟವಾಗಿ ಸಿಗುವ ಆಳ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಫೋಕಸ್ ರಿಂಗ್ ತಿರುಗಿಸುವ ಬದಲು ಮೈಯನ್ನೇ ಹಿಂದೆ ಮುಂದೆ ಮಾಡಿ ಹುಳದ ಕಣ್ಣಿಗೆ ಫೋಕಸ್ ಹಿಡಿಯಬೇಕು. ಕಾಳುಮೆಣಸು ಹಬ್ಬಿದ ಮರಕ್ಕೆ ಮೊಣಕೈ ಒರಗಿಸಿದರೆ ಅರ್ಧ ಕೆಲಸ ಆದಂತೆ. ಫ್ಲ್ಯಾಶಿನ ಮುಂದೆ ಬಿಳಿ ತೆಳು ಪ್ಲಾಸ್ಟಿಕ್ ಹಾಳೆ ಕಟ್ಟಿದರೆ ಒದ್ದೆ ಎಲೆಯ ಹೊಳಪು ಕಣ್ಣಿಗೆ ಚುಚ್ಚುವುದಿಲ್ಲ.

ನಿಮ್ಮಲ್ಲಿ ಕ್ಯಾಮೆರಾ ಜೊತೆ ಬಂದ 18–55 ಮಾತ್ರ ಇದ್ದರೆ ಲೆಕ್ಕ ಬದಲಾಗುತ್ತದೆ: ಅನಂತಕ್ಕೆ ಫೋಕಸ್ ಮಾಡಿಟ್ಟ 55 ಎಂಎಂಗೆ +8 ಹಾಕಿದರೂ ಅರ್ಧ ಪಟ್ಟಿಗಿಂತ ಕಡಿಮೆಯೇ. ಅಂಥವರು ಟ್ಯೂಬ್ ಕೊಳ್ಳಲಿ, ವಿದ್ಯುತ್ ಸಂಪರ್ಕವಿರುವುದನ್ನೇ ಕೊಳ್ಳಲಿ. ಇಲ್ಲದಿದ್ದರೆ ಅಪರ್ಚರ್ ಹೊಂದಿಸಲಾಗುವುದಿಲ್ಲ. ಜೋಡಿಸುವುದನ್ನು ಮನೆಯೊಳಗೇ ಮುಗಿಸಿಕೊಂಡು ತೋಟಕ್ಕೆ ಇಳಿಯಲಿ.