ಹೋಂಡಾ ಸಿಟಿ ಐ-ವಿಟೆಕ್ 2010: ನಾಲ್ಕು ಸಾವಿರ ದಾಟಿದ ಮೇಲೆ ಎಚ್ಚರಾಗುವ ಕಾರು

ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಹೋಗಿಬರೋಕೆ ಒಂದು ಗಾಡಿ ಬೇಕು, ಅಷ್ಟೇ ಅಂದ್ರೆ ಇದನ್ನು ತಗೋಬೇಡಿ. ಚಿಗರಿ ಬಸ್ಸಿಗೆ ಬೇರೆ ಲೇನೇ ಇದೆ, ಎಸಿಯಲ್ಲಿ ಕೂತು ಆರಾಮಾಗಿ ಹೋಗಬಹುದು. ಉಣಕಲ್ ಹತ್ತಿರದ ಟ್ರಾಫಿಕ್‌ನಲ್ಲಿ ತೆವಳುವಾಗ ನನ್ನ ಹೋಂಡಾ ಸಿಟಿ ಸಪ್ಪೆ ಕಾರು. 1500 ಆರ್‌ಪಿಎಂನಲ್ಲಿ (ಅಂದ್ರೆ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುವಾಗ) ಆಕ್ಸಿಲರೇಟರ್ ಒತ್ತಿದರೆ ಹೂಂ ಅನ್ನುತ್ತದೆ, ಅಷ್ಟೇ.

ನನ್ನದು 2010ರ ಮಾಡೆಲ್, ಮ್ಯಾನುವಲ್ ಗೇರು. ಸೆಕೆಂಡ್ ಹ್ಯಾಂಡ್ ತಗೊಂಡು ವರ್ಷಗಳೇ ಆದವು. 1.5 ಲೀಟರ್ ಪೆಟ್ರೋಲ್ ಎಂಜಿನ್, ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲ. 118 ಪಿಎಸ್ ಪವರ್ ಬರೋದು 6600 ಆರ್‌ಪಿಎಂನಲ್ಲಿ, 146 ಎನ್‌ಎಂ ಟಾರ್ಕ್ (ಎಳೆಯುವ ಬಲ) ಬರೋದು 4800ರಲ್ಲಿ. ನನ್ನ ತಮ್ಮನ ಹ್ಯುಂಡೈ ವೆನ್ಯೂ ಟರ್ಬೊ ಬರೀ ಒಂದು ಲೀಟರಿನದು, ಆದರೆ 1500ಕ್ಕೇ 172 ಎನ್‌ಎಂ ಕೊಡುತ್ತದೆ. ಸಿಗ್ನಲ್‌ನಲ್ಲಿ ಇಬ್ಬರೂ ಪಕ್ಕಪಕ್ಕ ನಿಂತರೆ ಮೊದಲು ಮುಂದೆ ಹೋಗೋದು ಅವನೇ. ಅದರಲ್ಲಿ ವಾದ ಇಲ್ಲ.

ಈಗ ಗದಗ ರಸ್ತೆಗೆ ಬನ್ನಿ. ಅಣ್ಣಿಗೇರಿ ಕಡೆ ಎರಡೂ ಬದಿ ಎರಿ ಹೊಲ, ರಸ್ತೆ ನೆಟ್ಟಗೆ, ಎದುರಿಗೆ ಯಾರೂ ಇಲ್ಲ, ಮುಂದೆ ಹೊಟ್ಟು ತುಂಬಿ ಎರಡೂ ಕಡೆ ಉಬ್ಬಿದ ಒಂದು ಟ್ರ್ಯಾಕ್ಟರ್. ಎರಡನೇ ಗೇರಿಗೆ ಇಳಿಸಿ ಪೂರ್ತಿ ಒತ್ತುತ್ತೇನೆ. ಮೂರು ಸಾವಿರದವರೆಗೆ ಎಂಜಿನ್ ಗೊಣಗುತ್ತದೆ. ನಾಲ್ಕು ಸಾವಿರದ ಹತ್ತಿರ ದನಿ ಗಟ್ಟಿಯಾಗುತ್ತದೆ, ಐದು ಸಾವಿರ ದಾಟಿದ ಮೇಲೆ ಗೇರ್ ನಾಬ್‌ನಲ್ಲಿ ಸಣ್ಣ ನಡುಕ ಕೈಗೆ ಸಿಗುತ್ತದೆ, ಆಮೇಲೆ ಮೀಟರಿನ ಮುಳ್ಳು ಕೆಂಪು ಗೆರೆ (ಎಂಜಿನ್ ಸುತ್ತುವ ಮಿತಿ) ಕಡೆ ಓಡುವ ಆ ಒಂದೆರಡು ಸೆಕೆಂಡು ಇದೆಯಲ್ಲ, ಅದಕ್ಕೇ ನಾನು ಈ ಕಾರು ಇಟ್ಟುಕೊಂಡಿರೋದು. ಮಜಾ ಏನಂದ್ರೆ ಇಷ್ಟೆಲ್ಲ ಆದಾಗಲೂ ಸ್ಪೀಡ್ ನೂರು ಮುಟ್ಟಿರೋದಿಲ್ಲ. ಪಕ್ಕದಲ್ಲಿ ಕೂತ ಮನೆಯವರದು ಮಾತ್ರ ಒಂದೇ ಮಾತು: "ಅದ್ಯಾಕ್ ಹಂಗ ಒದರಾಕತ್ತೈತಿ, ಗೇರ್ ಬದಲಿ ಮಾಡ್ರಿ."

ಒದರೋದಕ್ಕೆ ಕಾರಣ ಇದೆ. ಟರ್ಬೊ ಇದ್ದರೆ ಗಾಳಿಯನ್ನು ಒತ್ತಿ ತುಂಬಬಹುದು. ಇಲ್ಲದಿದ್ದರೆ ಪಿಸ್ಟನ್ ಕೆಳಗಿಳಿಯುವಾಗ ಎಳೆದುಕೊಂಡಷ್ಟೇ ಗಾಳಿ. ಅದೇ ಸೈಜಿನ ಎಂಜಿನ್‌ನಿಂದ ಜಾಸ್ತಿ ಪವರ್ ಬೇಕಾದರೆ ನಿಮಿಷಕ್ಕೆ ಜಾಸ್ತಿ ಸುತ್ತು ತಿರುಗಿಸಲೇಬೇಕು. ನಮ್ಮ ಹುಬ್ಬಳ್ಳಿ ಸಮುದ್ರಕ್ಕಿಂತ ಸುಮಾರು 650 ಮೀಟರ್ ಮೇಲಿದೆ, ಗಾಳಿ ಸ್ವಲ್ಪ ತೆಳು. ಇಂಥ ಎಂಜಿನ್‌ಗೆ ಅಷ್ಟರಲ್ಲೇ ಆರೇಳು ಪರ್ಸೆಂಟ್ ಪವರ್ ಕಮ್ಮಿ. ಅರಬೈಲ್ ಘಾಟ್ ಇಳಿದು ಅಂಕೋಲಾ ಮುಟ್ಟಿದರೆ ಅದು ವಾಪಸ್ ಬರಬೇಕು, ಆದರೆ ಅಲ್ಲಿನ ಸೆಕೆ ಅದರಲ್ಲೂ ಪಾಲು ತಗೊಳ್ಳುತ್ತದೆ.

ಸುಮ್ನೆ ಹೊಗಳಬಾರದು. ಇದು ನಿಜವಾದ ಸ್ಪೋರ್ಟ್ಸ್ ಎಂಜಿನ್ ಅಲ್ಲ. ಬೋರ್ (ಸಿಲಿಂಡರಿನ ಅಗಲ) 73 ಮಿಮೀ, ಸ್ಟ್ರೋಕ್ 89.4. ಪಿಸ್ಟನ್ ಓಡುವ ದಾರಿ ಉದ್ದ, ಹಾಗಾಗಿ ಜಾಸ್ತಿ ಸುತ್ತೋಕೆ ಆಗೋದಿಲ್ಲ. ಇದೇ ಕಂಪನಿಯ ಸ್ಪೋರ್ಟ್ಸ್ ಕಾರು ಎಸ್2000 ನೋಡಿ. 1999ರಲ್ಲಿ ಬಂದ ಎರಡು ಲೀಟರಿನ ಎಂಜಿನ್, ಬೋರ್ 87, ಸ್ಟ್ರೋಕ್ 84. ಜಪಾನ್ ಮಾಡೆಲ್‌ನಲ್ಲಿ ಟರ್ಬೊ ಇಲ್ಲದೆ 8300ರಲ್ಲಿ 250 ಪಿಎಸ್, ಕೆಂಪು ಗೆರೆ 9000ಕ್ಕೆ. ಇನ್ನೊಂದು ಸ್ಪೋರ್ಟ್ಸ್ ಕಾರು ಲೆಕ್ಸಸ್ ಎಲ್‌ಎಫ್‌ಎ ಕಥೆ ಇನ್ನೂ ಚೆನ್ನಾಗಿದೆ. ಅದರ ವಿ10 ಎಂಜಿನ್ ಐಡಲ್‌ನಿಂದ 9000ಕ್ಕೆ (ಅಂದ್ರೆ ಸುಮ್ಮನೆ ನಿಂತು ಓಡುವ ಸುತ್ತಿನಿಂದ) 0.6 ಸೆಕೆಂಡಿನಲ್ಲಿ ಏರುತ್ತಿತ್ತು, ಮಾಮೂಲಿ ಮುಳ್ಳು ಅದರ ಹಿಂದೆ ಓಡಲಾರದು ಅಂತ ಡಿಜಿಟಲ್ ಮೀಟರ್ ಹಾಕಿದರು. ಆಮೇಲೆ ಹೊಗೆಯ ನಿಯಮ ಬಿಗಿಯಾಯಿತು. ಫೆರಾರಿಯೇ 2015ರಲ್ಲಿ ಟರ್ಬೊ ಇಲ್ಲದ 458ರ ಜಾಗಕ್ಕೆ ಟರ್ಬೊ ಇರುವ 488 ತಂದಿತು. ಗೋಕುಲ ರೋಡಿನಲ್ಲಿ ನಿಂತು ಕಾದರೆ ಇವು ಯಾವುವೂ ಬರೋದಿಲ್ಲ ಬಿಡಿ. ಆ ರುಚಿಯ ಒಂದು ತುತ್ತು ನಮ್ಮಂಥವರ ಕೈಗೆಟಕುವ ರೇಟಿಗೆ ಸಿಗೋದು ಇಂಥ ಹಳೇ ಕಾರುಗಳಲ್ಲೇ.

ಟರ್ಬೊದಲ್ಲಿ ಸ್ವಲ್ಪ ಒತ್ತಿದರೂ ಒಮ್ಮೆಲೆ ನುಗ್ಗುತ್ತದೆ. ಇದರಲ್ಲಿ ಬೆರಳಷ್ಟು ಒತ್ತಿದರೆ ಬೆರಳಷ್ಟೇ, ಬಿಟ್ಟರೆ ಆ ಕ್ಷಣಕ್ಕೇ ಇಳಿಯುತ್ತದೆ. ಅರಬೈಲ್ ತಿರುವುಗಳಲ್ಲಿ ಲೋಡ್ ಲಾರಿಗಳ ಹಿಂದೆ ಹತ್ತುವಾಗ ಇದರ ಬೆಲೆ ಗೊತ್ತಾಗುತ್ತದೆ. ಗೇರ್ ಮಾತ್ರ ಹಾಕ್ತಾನೇ ಇರಬೇಕು. ಕೈಕಾಲಿಗೆ ಕೆಲಸ ಬೇಡ ಅನ್ನುವವರಿಗೆ ಇದು ಶಿಕ್ಷೆ.

ಮೈಲೇಜ್: ಸಮಾಧಾನದಿಂದ ಹೊಡೆದರೆ ಲೀಟರಿಗೆ 15-16 ಕಿಮೀ, ನನ್ನ ಹಾಗೆ ಹೊಡೆದರೆ 11. 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ಇನ್ನೂ ಸ್ವಲ್ಪ ಇಳಿದಿದೆ, ಎಥೆನಾಲ್‌ನಲ್ಲಿ ಶಕ್ತಿಯೇ ಕಮ್ಮಿ ಅಲ್ವಾ.

ಖರ್ಚು ಅಂಥಾದ್ದೇನಿಲ್ಲ. ಟೈಮಿಂಗ್ ಚೈನ್ ಇರೋದರಿಂದ ಬೆಲ್ಟ್ ಬದಲಿಸುವ ತಲೆನೋವಿಲ್ಲ. ಟ್ಯಾಪೆಟ್ ಸೆಟ್ಟಿಂಗ್ (ವಾಲ್ವಿನ ಮೇಲಿನ ಸಂದು ಸರಿಮಾಡೋದು) ಮಾತ್ರ ಬಿಡಬೇಡಿ, ನಾನು 40,000 ಕಿಮೀಗೊಮ್ಮೆ ಮಾಡಿಸುತ್ತೇನೆ. ನಮ್ಮ ಮಿಸ್ತ್ರಿ ಹಿಂದಿನ ರಾತ್ರಿಯೇ ಗಾಡಿ ಬಿಟ್ಟುಹೋಗಲು ಹೇಳುತ್ತಾನೆ. ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಕವರ್ ಬಿಚ್ಚಿ, ಫೀಲರ್ ಗೇಜಿನ ತೆಳು ಪಟ್ಟಿಯನ್ನು ಒಂದೊಂದೇ ವಾಲ್ವಿನ ಮೇಲೆ ತೂರಿಸಿ ಎಳೆದು ನೋಡುತ್ತಾನೆ. ಸಲೀಸಾಗಿ ಬಂದರೆ ಸ್ಕ್ರೂ ಬಿಗಿ, ಸಿಕ್ಕಿಕೊಂಡರೆ ಸಡಿಲ. "ಬಿಸಿ ಗಾಡಿಗೆ ಮಾಡ್ತೀನಿ ಅಂದವನ ಕೈಗೆ ಕೊಡಬ್ಯಾಡ್ರಿ ಸರ" ಅಂತ ಅವನ ತಾಕೀತು.

ಹಳೇದು ನೋಡೋಕೆ ಹೋಗುವವರು ಮೊದಲು ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡಿ. ವಿಟೆಕ್‌ನಲ್ಲಿ ವಾಲ್ವ್ ಎಷ್ಟು ತೆರೆಯಬೇಕು ಅನ್ನೋದನ್ನು ಬದಲಿಸುವ ಪಿನ್ನುಗಳು ಕೆಲಸ ಮಾಡೋದೇ ಆಯಿಲ್ ಪ್ರೆಷರ್ ಮೇಲೆ. ಆಯಿಲ್ ಕಮ್ಮಿ ಇದ್ದರೆ, ಇಲ್ಲಾ ಕಪ್ಪು ಕೆಸರಾಗಿದ್ದರೆ ಅಲ್ಲಿಗೇ ಮಾತು ಮುಗಿಸಿ ಬನ್ನಿ. ಚೆನ್ನಾಗಿದ್ದರೆ ಎಂಜಿನ್ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಆರು ಸಾವಿರದವರೆಗೆ ಎಳೆಯಿರಿ, ಕನ್ನಡಿಯಲ್ಲಿ ನೀಲಿ ಹೊಗೆ (ಎಂಜಿನ್ ಆಯಿಲ್ ಸುಡುವ ಗುರುತು) ಕಾಣುತ್ತಾ ನೋಡಿ. ಓನರ್ ಬೇಡ ಅಂದರೆ ಬೇರೆ ಗಾಡಿ ಹುಡುಕಿ.