ಬಿಬಿಎ ಎಲ್‌ಎಲ್‌ಬಿ ಸೇರಿಸಬೇಕಾ ಅಂತ ಕೇಳಲು ಹೋದೆವು: ಹಾಸನದ ಒಂದು ಕೌನ್ಸೆಲಿಂಗ್ ಸೆಂಟರ್‌ನ ಅನುಭವ

ತಮ್ಮನ ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ ವಾರವೇ ಹಾಸನದ ಒಂದು ಕರಿಯರ್ ಕೌನ್ಸೆಲಿಂಗ್ ಸೆಂಟರ್‌ಗೆ ಅವನನ್ನು ಕರೆದುಕೊಂಡು ಹೋದೆ. ಹೆಸರು ಹಾಕುವುದಿಲ್ಲ, ಅದು ಮುಖ್ಯವೂ ಅಲ್ಲ. ಈಗ ಪ್ರತಿ ಊರಲ್ಲೂ ಇಂಥ ಸೆಂಟರ್ ಇವೆ, ಎಲ್ಲಾ ಕಡೆ ಇದೇ ಪ್ರಶ್ನೆ ಕೇಳುವ ಮಕ್ಕಳಿದ್ದಾರೆ. ಅವನು ಓದಿದ್ದು ಕಾಮರ್ಸ್. ಮನೆಯಲ್ಲಿ ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಅಪ್ಪನ ಹಾರ್ಡ್‌ವೇರ್ ಅಂಗಡಿ. ನಾನು ಬಿಕಾಂ ಮುಗಿಸಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ತಮ್ಮನಿಗೆ ಯಾರೋ ಫ್ರೆಂಡ್ ಬಿಬಿಎ ಎಲ್‌ಎಲ್‌ಬಿ, ಅಂದರೆ ಬಿಸಿನೆಸ್ ಮತ್ತು ಲಾ ಎರಡನ್ನೂ ಸೇರಿಸಿ ಓದುವ ಐದು ವರ್ಷದ ಕೋರ್ಸ್, ಇದೆ ಅಂತ ಹೇಳಿದ್ದ, ಅಲ್ಲಿಂದ ಶುರು.

ಫೀಸು 2,000 ರೂಪಾಯಿ. ಒಂದೂವರೆ ಗಂಟೆ ಕೂರಿಸಿದರು. ಚೆನ್ನಾಗಿದ್ದದ್ದನ್ನು ಮೊದಲು ಹೇಳುತ್ತೇನೆ. ಆಪ್ಟಿಟ್ಯೂಡ್ ಟೆಸ್ಟ್ ಮಾಡಿಸಿದ ಮೇಡಂ ತುಂಬಾ ತಾಳ್ಮೆಯವರು. ನನ್ನ ತಮ್ಮ ಮನೆಯಲ್ಲಿ ಬಾಯಿ ಬಿಡದ ಹುಡುಗ, ಅವರ ಮುಂದೆ ಕೂತು ಸ್ಟ್ಯಾಟಿಸ್ಟಿಕ್ಸ್ ಕಂಡರೆ ಭಯ ಅಂತ ಹೇಳಿಬಿಟ್ಟ. ನನಗೇ ಗೊತ್ತಿರಲಿಲ್ಲ. ಅಷ್ಟಕ್ಕೆ ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ.

ಆಮೇಲೆ ಇನ್ನೊಬ್ಬರು ಬಂದು ಕೂತರು. ಅವರ ಕೈಯಲ್ಲಿ ಬೆಂಗಳೂರಿನ ಒಂದು ಕಾಲೇಜಿನ ಬ್ರೋಶರ್ ಆಗಲೇ ಇತ್ತು. ಅವರು ಹೇಳಿದ್ದು ಮೂರು ಮಾತು. ಒಂದು, ಡಿಗ್ರಿ ಮೂರು ವರ್ಷ, ಆಮೇಲೆ ಲಾ ಮೂರು ವರ್ಷ, ಒಟ್ಟು ಆರು, ಇಲ್ಲಿ ಐದರಲ್ಲಿ ಮುಗಿಯುತ್ತೆ. ಎರಡು, ಲಾ ಇಷ್ಟ ಆಗದಿದ್ದರೆ ಮೂರು ವರ್ಷಕ್ಕೆ ಬಿಡಬಹುದು, ಬಿಬಿಎ ಸರ್ಟಿಫಿಕೇಟ್ ಕೈಯಲ್ಲಿ ಇರುತ್ತೆ. ಮೂರು, ಅಪ್ಪನ ಅಂಗಡಿಯನ್ನೂ ನೋಡಿಕೊಳ್ಳಬಹುದು, ಕೋರ್ಟಿಗೂ ಹೋಗಬಹುದು, ಎರಡೂ ಕೈಯಲ್ಲಿ ಲಡ್ಡು. ಸೀಟು ಬೇಗ ತುಂಬುತ್ತೆ, ಇವತ್ತೇ 10,000 ಕಟ್ಟಿ ಅಂದರು. ನಾನು ಕಟ್ಟಲಿಲ್ಲ. ಅದೊಂದು ಒಳ್ಳೆ ಕೆಲಸ ಮಾಡಿದೆ.

ಮೊದಲ ಮಾತು ನಿಜ. ಒಂದು ವರ್ಷ ಉಳಿಯುವುದು ಹೌದು. ಉಳಿದ ಎರಡನ್ನು ಅದೇ ರಾತ್ರಿ ಊಟ ಆದ ಮೇಲೆ ನೋಡಲು ಕೂತೆ.

ಭಾರತೀಯ ವಕೀಲರ ಪರಿಷತ್ತು, ಅಂದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ, 2008ರಲ್ಲಿ ಕಾನೂನು ಶಿಕ್ಷಣದ ನಿಯಮಗಳನ್ನು ಮಾಡಿದೆ. ಅದರ 13ನೇ ನಿಯಮ ನೇರವಾಗಿ ಹೇಳುತ್ತದೆ: ಎರಡು ಡಿಗ್ರಿ ಸೇರಿಸಿದ ಇಂಥ ಇಂಟಿಗ್ರೇಟೆಡ್ ಕೋರ್ಸನ್ನು ನಡುವೆ ಒಡೆದು ಒಂದು ಡಿಗ್ರಿ ಕೊಟ್ಟು ಕಳಿಸುವ ಹಾಗಿಲ್ಲ. ಬೇರೆ ಡಿಗ್ರಿ ಇದೆ ಅಂತ ನಡುವೆ ಬಂದು ಸೇರುವ ಹಾಗೂ ಇಲ್ಲ. ಅಂದರೆ ಮೂರನೇ ವರ್ಷಕ್ಕೆ ಬಿಟ್ಟ ಹುಡುಗನ ಕೈಯಲ್ಲಿ ಮಾರ್ಕ್ಸ್ ಕಾರ್ಡ್ ಇರುತ್ತದೆ, ಡಿಗ್ರಿ ಇರುವುದಿಲ್ಲ. ಆ ಸಾಲನ್ನು ನಾನು ಎರಡು ಸಲ ಓದಿದೆ. ಎಷ್ಟು ಮನೆಗಳಲ್ಲಿ ಇದೇ ಧೈರ್ಯದ ಮೇಲೆ ಸಾಲ ಮಾಡಿ ಸೇರಿಸಿರಬಹುದು ಅಂತ ಹೊಟ್ಟೆ ತೊಳಸಿತು.

ಅಂಗಡಿಯ ಮಾತಿಗೆ ಬಂದರೆ, ವಕೀಲರ ನಡತೆಯ ನಿಯಮಗಳಲ್ಲಿ 47ನೆಯದು ವಕೀಲರು ಸ್ವತಃ ವ್ಯಾಪಾರ ಮಾಡಬಾರದು ಅನ್ನುತ್ತದೆ. ದುಡ್ಡು ಹಾಕಿ ಸುಮ್ನೆ ಪಾಲುದಾರ ಆಗಿರಬಹುದು, ಅದೂ ವೃತ್ತಿಯ ಘನತೆಗೆ ಒಪ್ಪುವ ವ್ಯಾಪಾರ ಆಗಿರಬೇಕು. ಅಪ್ಪನಿಂದ ಬಂದ ವ್ಯಾಪಾರವನ್ನು ಮುಂದುವರಿಸಬಹುದು ಅಂತ 50ನೆಯದರಲ್ಲಿ ಇದೆ, ಆದರೆ ಅದನ್ನು ತಾನೇ ನಿಂತು ನಡೆಸುವ ಹಾಗಿಲ್ಲ. 49ನೆಯದರ ಪ್ರಕಾರ ಕಂಪನಿಯಲ್ಲಿ ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದರೆ ಅಲ್ಲಿರುವಷ್ಟು ದಿನ ವಕಾಲತ್ತು ನಿಲ್ಲಿಸಬೇಕು. ಮಾರನೇ ದಿನ ಅಂಗಡಿಯ ಕೌಂಟರ್ ಮೇಲೆ ಮೊಬೈಲ್ ಇಟ್ಟು ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಅಪ್ಪ ಮೊಳೆ ತೂಗುತ್ತಾ ಇದ್ದವರು ತಕ್ಕಡಿ ನಿಲ್ಲಿಸಿ, "ಹಾಗಾದ್ರೆ ಅಂಗಡಿ ಬೇಕಾ, ಕೋರ್ಟ್ ಬೇಕಾ ಅಂತ ಅವನೇ ಹೇಳಬೇಕು" ಅಂದರು. ಕೌನ್ಸೆಲಿಂಗ್ ಅಂದರೆ ಇದೇ ಪ್ರಶ್ನೆ ಅಲ್ವಾ? 2,000 ಕೊಟ್ಟ ಕಡೆ ಇದನ್ನು ಯಾರೂ ಕೇಳಲಿಲ್ಲ.

ಅದಕ್ಕೇ ನಮ್ಮ ಆಫೀಸಿಗೆ ಪರಿಚಯದ ಒಬ್ಬ ವಕೀಲರ ಹತ್ತಿರ ಒಂದು ದಿನ ಕೂರಲು ತಮ್ಮನನ್ನು ಕಳಿಸಿದೆವು. ಹಾಸನ ಕೋರ್ಟಿನಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅವರ ಹಿಂದೆ ಓಡಾಡಿದ. ಸಂಜೆ ಅವರ ಚೇಂಬರಿಗೆ ನಾನೂ ಹೋದೆ, ಮನೆಯಿಂದ ಅಪ್ಪನ ಹಳೇ ಫೈಲ್ ಒಂದನ್ನು ತೆಗೆದುಕೊಂಡು. ಕೆಲವು ವರ್ಷದ ಹಿಂದೆ ಒಬ್ಬರು ಸಿಮೆಂಟು, ಕಬ್ಬಿಣ ಒಯ್ದು 85,000ಕ್ಕೆ ಚೆಕ್ ಕೊಟ್ಟಿದ್ದರು. ಅದು ಬೌನ್ಸ್ ಆಯಿತು. ಗೊತ್ತಿರುವವರು, ಕೊಡುತ್ತಾರೆ ಬಿಡು ಅಂತ ಅಪ್ಪ ಕಾದರು.

ವಕೀಲರು ಫೈಲಿನಲ್ಲಿ ನೋಡಿದ್ದು ಎರಡೇ ಕಾಗದ. ಚೆಕ್ ವಾಪಸ್ ಆಗಿದೆ ಅಂತ ಬ್ಯಾಂಕ್ ಕೊಟ್ಟ ರಿಟರ್ನ್ ಮೆಮೊ, ಅದರ ಮೇಲಿನ ನೀಲಿ ಸೀಲು. ದುಡ್ಡು ಕೊಡಿ ಅಂತ ಅಪ್ಪ ಕಳಿಸಿದ್ದ ನೋಟಿಸಿನ ಪ್ರತಿ, ಅದಕ್ಕೆ ಪಿನ್ ಮಾಡಿದ ರಿಜಿಸ್ಟರ್ಡ್ ಪೋಸ್ಟ್ ರಸೀದಿ. ಪೆನ್ಸಿಲ್ ಹಿಡಿದು ತಮ್ಮನ ಕೈಯಲ್ಲೇ ದಿನ ಎಣಿಸಿದರು. ಚೆಕ್ ಬೌನ್ಸ್ ಕೇಸು ಹಾಕುವ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಸೆಕ್ಷನ್ ಪ್ರಕಾರ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ ಮೇಲೆ ದುಡ್ಡು ಕೊಡಲು 15 ದಿನ. ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು. ಅಪ್ಪನ ನೋಟಿಸ್ ಹೋಗಿದ್ದು 41ನೇ ದಿನ. ಅಷ್ಟೊತ್ತಿಗೆ ಚೆಕ್ಕಿನ ಮೂರು ತಿಂಗಳ ಅವಧಿಯೂ ಮುಗಿದಿತ್ತು, ಮತ್ತೆ ಬ್ಯಾಂಕಿಗೆ ಹಾಕಲೂ ಆಗುತ್ತಿರಲಿಲ್ಲ. ತಮ್ಮ ಆ ರಸೀದಿಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದ. "ಅಕ್ಕಾ, ಲೆಕ್ಕ ಸರಿ ಇದೆ, ತಾರೀಕು ತಪ್ಪಿದೆ" ಅಂದ. ಮನೆಗೆ ಬರುವಾಗ ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ಅದರ ಬಗ್ಗೆಯೇ ಕೇಳುತ್ತಿದ್ದ, ಸಿವಿಲ್ ದಾವೆ ಹಾಕಬಹುದಿತ್ತಲ್ವಾ, ಅದಕ್ಕೆ ಎಷ್ಟು ಟೈಮ್ ಇರುತ್ತೆ, ಬಿಲ್ಲಿನಲ್ಲಿ ಅವರ ಸಹಿ ಇದ್ದರೆ ಸಾಕಾ ಅಂತ. ಆಪ್ಟಿಟ್ಯೂಡ್ ಟೆಸ್ಟಿನ 14 ಪುಟದ ರಿಪೋರ್ಟಿಗಿಂತ ಆ ಪ್ರಶ್ನೆಗಳಲ್ಲಿ ನನಗೆ ಹುಡುಗ ಚೆನ್ನಾಗಿ ಅರ್ಥವಾದ.

ಈಗ ಕೋರ್ಸಿನ ಬಗ್ಗೆ. ಬಿಬಿಎ ಅನ್ನುವ ಹೆಸರು ಮುಂದೆ ಇದ್ದರೂ ಇದು ಲಾ ಕೋರ್ಸ್. ಹತ್ತು ಸೆಮಿಸ್ಟರ್. ಮ್ಯಾನೇಜ್‌ಮೆಂಟ್, ಅಕೌಂಟ್ಸ್, ಮಾರ್ಕೆಟಿಂಗ್ ಎಲ್ಲ ಹೆಚ್ಚಾಗಿ ಮೊದಲ ವರ್ಷಗಳಲ್ಲೇ ಬರುತ್ತವೆ. ಆದರೆ ಪರಿಷತ್ತಿನ ನಿಯಮದಂತೆ ಕಡ್ಡಾಯ ಕಾನೂನು ವಿಷಯಗಳೇ 20, ಅದರ ಜೊತೆ ಡ್ರಾಫ್ಟಿಂಗ್ (ಅರ್ಜಿ, ದಾವೆ ಬರೆಯುವುದು), ಮೂಟ್ ಕೋರ್ಟ್ (ಅಣಕು ಕೋರ್ಟಿನಲ್ಲಿ ವಾದ ಮಾಡುವುದು) ಥರದ 4 ಪ್ರಾಕ್ಟಿಕಲ್ ಪೇಪರ್, ಇಷ್ಟಪಟ್ಟು ಆರಿಸಿಕೊಳ್ಳುವವು ಬೇರೆ. ತೂಕ ಯಾವ ಕಡೆಗೆ ಅಂತ ಇದರಲ್ಲೇ ಗೊತ್ತಾಗುತ್ತೆ. ಬಿಸಿನೆಸ್ ಕಲಿಯಬೇಕು, ಲಾ ಜೊತೆಗೆ ಸ್ವಲ್ಪ ಇರಲಿ ಅನ್ನುವವರು ದಯವಿಟ್ಟು ಇದಕ್ಕೆ ಸೇರಬೇಡಿ. ಲಾ ಬೇಕು, ಲೆಕ್ಕದ ಪುಸ್ತಕ ಕಂಡರೆ ಗಾಬರಿ ಆಗಬಾರದು ಅನ್ನುವವರಿಗೆ ಇದು ನಿಜಕ್ಕೂ ಒಳ್ಳೆಯದು. ನಮ್ಮ ಆಫೀಸಿಗೆ ಬರುವ ಜಿಎಸ್‌ಟಿ ನೋಟಿಸು, ಪಾಲುದಾರಿಕೆ ಪತ್ರ, ತೋಟದ ಸಾಲದ ತಕರಾರು ಎಲ್ಲದರಲ್ಲೂ ಅರ್ಧ ಲೆಕ್ಕ, ಅರ್ಧ ಕಾನೂನು. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರನ್ನು ಕೇಳಿ, ಸಾಲ ಕಟ್ಟದಿದ್ದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕು ಕೋರ್ಟಿಗೆ ದಾವೆ ಹಾಕದೆಯೇ ವಶಕ್ಕೆ ತೆಗೆದುಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯಿದೆ ಅಂದರೆ ನಿದ್ದೆಯಲ್ಲೂ ಎದ್ದು ಕೂರುತ್ತಾರೆ. ಕೃಷಿ ಭೂಮಿಗೆ ಆ ಕಾಯಿದೆ ಇಲ್ಲ, ಆದರೆ ಕಾಫಿ ತೋಟ ಕೃಷಿ ಭೂಮಿಯಾ ಅನ್ನುವುದೇ ಜಗಳ. ಬ್ಯಾಲೆನ್ಸ್ ಶೀಟನ್ನೂ ಕಾಯಿದೆಯನ್ನೂ ಎರಡನ್ನೂ ಓದಬಲ್ಲ ವಕೀಲರು ನಮ್ಮ ಕಡೆಗೆ ತುಂಬಾ ಬೇಕು.

ಖರ್ಚಿನ ವಿಷಯದಲ್ಲಿ ನನ್ನ ಮನಸ್ಸು ಬೇರೆ ಇತ್ತು. ಮನೆಯಲ್ಲೇ ಇದ್ದು ಬಿಕಾಂ ಮಾಡಲಿ, ಆಮೇಲೆ ಮೂರು ವರ್ಷದ ಲಾ ಓದಲಿ, ಹಾಸನದಲ್ಲೇ ಎಂ. ಕೃಷ್ಣ ಕಾನೂನು ಕಾಲೇಜು ಇದೆ ಅಂತ. ಒಂದು ವರ್ಷ ಜಾಸ್ತಿ ಆದರೂ ಬೆಂಗಳೂರಿನ ಹಾಸ್ಟೆಲ್ ಖರ್ಚು ಉಳಿಯುತ್ತದೆ, ನಡುವೆ ಮನಸ್ಸು ಬದಲಾದರೆ ಬಿಕಾಂ ಕೈಯಲ್ಲಿ ಇರುತ್ತದೆ. ಲಾ ಮಾಡಲೇಬೇಕಾ ಅಂತ ಅನುಮಾನ ಇರುವ ಮಕ್ಕಳಿಗೆ ಈಗಲೂ ನಾನು ಇದನ್ನೇ ಹೇಳುತ್ತೇನೆ.

ಇನ್ನೊಂದು ವಿಷಯ ಸೆಂಟರಿನವರು ಹೇಳಲೇ ಇಲ್ಲ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಕ್ಲ್ಯಾಟ್ ಪ್ರವೇಶ ಪರೀಕ್ಷೆ ಈಗ ಡಿಸೆಂಬರ್‌ನಲ್ಲೇ ನಡೆಯುತ್ತದೆ. ಪಿಯುಸಿ ರಿಸಲ್ಟ್ ಬಂದ ಮೇಲೆ ಎಚ್ಚರ ಆದರೆ ಆ ವರ್ಷದ ಅವಕಾಶ ಹೋದಂತೆಯೇ. ನಮಗೂ ಹೋಯಿತು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ದಾರಿ ಉಳಿದಿತ್ತು, ಅದಕ್ಕೆ ಪಿಯುಸಿ ಅಂಕ ನೋಡುತ್ತಾರೆ, ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇಕಡಾ 45. ಫಸ್ಟ್ ಪಿಯುಸಿಯಲ್ಲಿ ಇರುವ ಮಕ್ಕಳ ಅಪ್ಪ ಅಮ್ಮ ಇದನ್ನು ಓದುತ್ತಿದ್ದರೆ ಈಗಲೇ ಬರೆದಿಟ್ಟುಕೊಳ್ಳಿ.

ಸೆಂಟರ್‌ಗೆ ಫೋನ್ ಮಾಡಿ 13ನೇ ನಿಯಮದ ಬಗ್ಗೆ ಹೇಳಿದೆ. "ಚೆಕ್ ಮಾಡ್ತೀವಿ ಮೇಡಂ" ಅಂದರು. ಎರಡು ವಾರದ ಮೇಲೆ ಪಕ್ಕದ ಮನೆ ಹುಡುಗಿಗೂ ಅದೇ ಮಾತು ಹೇಳಿ ಕಳಿಸಿದ್ದಾರೆ. ಅದಕ್ಕೇ ಇಷ್ಟು ಉದ್ದ ಬರೆದೆ. ಟೆಸ್ಟ್ ಮಾಡಿಸಿದ ಮೇಡಂಗೋಸ್ಕರ ಐದರಲ್ಲಿ ಎರಡು ಸ್ಟಾರ್ ಕೊಡುತ್ತೇನೆ, ಅದಕ್ಕಿಂತ ಜಾಸ್ತಿ ಇಲ್ಲ. ಇಂಥ ಕಡೆ ಹೋಗುವವರು ಅವರು ಬಾಯಲ್ಲಿ ಹೇಳಿದ್ದನ್ನು ಕಾಗದದ ಮೇಲೆ ಬರೆದು ಸಹಿ ಮಾಡಿ ಕೊಡಿ ಅಂತ ಕೇಳಿ. ಆಗ ಮಾತು ಬದಲಾಗುತ್ತದೆ.

ತಮ್ಮ ಬಿಬಿಎ ಎಲ್‌ಎಲ್‌ಬಿಗೇ ಸೇರುತ್ತಿದ್ದಾನೆ, ಅವರು ತೋರಿಸಿದ ಕಾಲೇಜಿಗಲ್ಲ. ಅಂಗಡಿ ತನಗೆ ಬೇಡ ಅಂತ ಅಪ್ಪನ ಮುಂದೆ ನಿಂತು ಅವನೇ ಹೇಳಿದ. ಅಪ್ಪ ಒಂದು ದಿನ ಮಾತಾಡಲಿಲ್ಲ, ಮಾರನೇ ದಿನ ಹಾಸ್ಟೆಲ್ ಫೀಸು ಎಷ್ಟು ಅಂತ ಕೇಳಿದರು. ಐದು ವರ್ಷದಲ್ಲಿ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಬೇಕು, ಒಂದೇ ಸಲಕ್ಕೆ ನಾಲ್ಕು ವಾರಕ್ಕಿಂತ ಹೆಚ್ಚಿಲ್ಲ. ಮೊದಲ ನಾಲ್ಕು ವಾರ ಹಾಸನಕ್ಕೇ ಬರುತ್ತೇನೆ ಅಂತ ಆ ವಕೀಲರಿಗೆ ಈಗಲೇ ಹೇಳಿ ಇಟ್ಟಿದ್ದಾನೆ.